ಮಾತಿಗೆ ಕಾವಲು, ಕಾವಲಿಗೆ ಕಾಸು



2007ರ ಅಕ್ಟೋಬರ್ ತಿಂಗಳ ಮೊದಲ ದಿನ. ಅಮೆರಿಕದಲ್ಲಿದ್ದ ಒಬ್ಬ ಹೆಣ್ಣುಮಗಳ ಕಾವಲಿನ ಖರ್ಚನ್ನು ಅಂದಿನಿಂದ ಕೊಡುವುದಿಲ್ಲ ಎಂದು ನೆದರ್ಲೆಂಡ್ಸ್ ಸರ್ಕಾರ ಹೇಳಿತು. ಆಕೆಗಿದ್ದ ಕೊಲೆ ಬೆದರಿಕೆ ನಿಂತಿರಲಿಲ್ಲ. ದುಡ್ಡು ಮಾತ್ರ ನಿಂತಿತು. ಇವತ್ತಿನ ನನ್ನ ಮಾತು ಆ ದುಡ್ಡಿನ ಬಗ್ಗೆ. ನಿಷ್ಠುರವಾಗಿ ಮಾತಾಡುವವರ ಜೀವಕ್ಕೆ ಅಪಾಯ ಬಂದರೆ ಕಾವಲಿನ ಖರ್ಚು ಯಾರ ಲೆಕ್ಕಕ್ಕೆ?

ಆ ಹೆಣ್ಣುಮಗಳ ಹೆಸರು ಅಯಾನ್ ಹಿರ್ಸಿ ಅಲಿ. ಹುಟ್ಟಿದ್ದು ಸೊಮಾಲಿಯಾದಲ್ಲಿ. 1992ರಲ್ಲಿ ಆಶ್ರಯ ಕೇಳಿಕೊಂಡು ನೆದರ್ಲೆಂಡ್ಸ್‌ಗೆ ಬಂದರು. ಡಚ್ ಭಾಷೆ ಕಲಿತರು. 2003ರಲ್ಲಿ ಅಲ್ಲಿನ ಸಂಸತ್ತಿಗೇ ಆಯ್ಕೆಯಾದರು. ತಾವು ಹುಟ್ಟಿದ ಇಸ್ಲಾಂ ಧರ್ಮದಲ್ಲಿ ಹೆಂಗಸಿನ ಪಾಡೇನು ಎಂಬುದನ್ನು ಎತ್ತಿ ಆಡಿದರು. ಮೆತ್ತಗೆ ಆಡಲಿಲ್ಲ, ಖಾರವಾಗಿಯೇ ಆಡಿದರು. 2004ರಲ್ಲಿ ಅದೇ ವಿಷಯದ ಒಂದು ಕಿರುಚಿತ್ರಕ್ಕೆ ಚಿತ್ರಕಥೆ ಬರೆದರು. ಹತ್ತು ಹನ್ನೊಂದು ನಿಮಿಷದ ಚಿತ್ರ. ಅದನ್ನು ನಿರ್ದೇಶಿಸಿದವರು ಥಿಯೊ ವ್ಯಾನ್ ಗೋ. ಪ್ರಸಿದ್ಧ ಚಿತ್ರಕಾರ ವ್ಯಾನ್ ಗೋ ಇದ್ದರಲ್ಲ, ಅವರ ತಮ್ಮನ ಮರಿಮಗ.

ಚಿತ್ರ ಟಿವಿಯಲ್ಲಿ ಬಂದದ್ದು ಆಗಸ್ಟ್ ಕೊನೆಯಲ್ಲಿ. ನವೆಂಬರ್ 2ರ ಬೆಳಿಗ್ಗೆ ಥಿಯೊ ಆಮ್‌ಸ್ಟರ್‌ಡ್ಯಾಮಿನ ರಸ್ತೆಯಲ್ಲಿ ಸೈಕಲ್ ತುಳಿಯುತ್ತ ಕೆಲಸಕ್ಕೆ ಹೊರಟಿದ್ದರು. ಕಾವಲು ಬೇಡ ಎಂದಿದ್ದ ಮನುಷ್ಯ. ಹಂತಕ ಗುಂಡು ಹಾರಿಸಿದ, ಕತ್ತು ಕೊಯ್ದ, ಒಂದು ಕಾಗದವನ್ನು ಚೂರಿಯಿಂದ ಅವರ ಮೈಗೇ ಚುಚ್ಚಿ ಹೋದ. ಆ ಕಾಗದ ಅಯಾನ್ ಅವರಿಗೆ ಬರೆದ ಬೆದರಿಕೆಯ ಪತ್ರ.

ಅಲ್ಲಿಂದ ಆಕೆಯ ಬದುಕು ಪೂರ್ತಿ ಕಾವಲಿನವರ ಕೈಯಲ್ಲಿ. ಸರ್ಕಾರವೇ ಕಾದಿತು, ಒಳ್ಳೆಯದೇ ಆಯಿತು. ಆದರೆ 2006ರಲ್ಲಿ ಎರಡು ಸಂಗತಿ ನಡೆದವು. ಆಕೆ ಇದ್ದ ವಸತಿ ಸಮುಚ್ಚಯದ ನೆರೆಹೊರೆಯವರು ಕೋರ್ಟಿಗೆ ಹೋದರು. ಈಕೆ ಇಲ್ಲಿದ್ದರೆ ನಮಗೂ ಅಪಾಯ ಎಂದರು. ಮೇಲ್ಮನವಿಯಲ್ಲಿ ಗೆದ್ದರು. ನಾಲ್ಕು ತಿಂಗಳಲ್ಲಿ ಮನೆ ಬಿಡಬೇಕು ಎಂದು ತೀರ್ಪಾಯಿತು. ಅದರ ಬೆನ್ನಿಗೇ, ಆಶ್ರಯ ಕೇಳುವಾಗ ಸುಳ್ಳು ಹೆಸರು ಕೊಟ್ಟಿದ್ದರು ಎಂದು ಸಚಿವೆಯೊಬ್ಬರು ಆಕೆಯ ಪೌರತ್ವದ ಮೇಲೇ ಕೈಯಿಟ್ಟರು. ಆ ಗದ್ದಲದಲ್ಲಿ ಸರ್ಕಾರವೇ ಬಿತ್ತು, ಪೌರತ್ವ ಉಳಿಯಿತು. ಆಕೆ ಮಾತ್ರ ಅಮೆರಿಕಕ್ಕೆ ಹೊರಟುಹೋದರು. ಡಚ್ ಸರ್ಕಾರ ಅಲ್ಲಿಯೂ ಕೆಲಕಾಲ ಕಾವಲಿನ ಖರ್ಚು ಕೊಟ್ಟಿತು. ಕೊನೆಗೆ ಕೈ ತೊಳೆದುಕೊಂಡಿತು. ಅಮೆರಿಕ ಏನೆಂದಿತು? ಖಾಸಗಿ ವ್ಯಕ್ತಿಗಳಿಗೆ ಕಾವಲು ಕೊಡುವ ಪದ್ಧತಿ ನಮ್ಮಲ್ಲಿಲ್ಲ ಎಂದಿತು.

ಹೀಗೆ ಒಂದು ದೇಶ ಕೊಡುವುದಿಲ್ಲ, ಇನ್ನೊಂದು ದೇಶಕ್ಕೆ ಆ ಪದ್ಧತಿಯಿಲ್ಲ. ಯಾರದು ಸರಿ ಎಂದು ಆಮೇಲೆ ನೋಡೋಣ. ಅದಕ್ಕೆ ಮೊದಲು ಖರ್ಚು ಎಂದರೆ ಎಷ್ಟು ಎಂದು ತಿಳಿಯಬೇಕಲ್ಲ? ನಮ್ಮ ಊರಿನ ಲೆಕ್ಕದಲ್ಲೇ ಹಿಡಿಯೋಣ.

ಒಬ್ಬರ ಮನೆ ಮುಂದೆ ಒಬ್ಬ ಪೇದೆ ಹಗಲೂ ರಾತ್ರಿ ಇರಬೇಕು ಎಂದುಕೊಳ್ಳಿ. ಎಂಟೆಂಟು ಗಂಟೆಯ ಪಾಳಿ ಎಂದರೆ ಮೂವರು ಬೇಕು. ವಾರದ ರಜೆ, ಹಬ್ಬದ ರಜೆ, ಕಾಯಿಲೆ ಕಸಾಲೆ, ತರಬೇತಿ ಎಲ್ಲ ಸೇರಿಸಿದರೆ ಐವರು. ಅಂದರೆ ಬಾಗಿಲ ಮುಂದಿನ ಒಂದು ಕುರ್ಚಿ ಖಾಲಿಯಾಗದಂತೆ ನೋಡಿಕೊಳ್ಳಲು ಐದು ಜನ ಬೇಕು. ಸಂಬಳ ಭತ್ಯೆ ಎಲ್ಲ ಸೇರಿ ಒಬ್ಬರಿಗೆ ತಿಂಗಳಿಗೆ 50 ಸಾವಿರ ಎಂದು ಇಟ್ಟುಕೊಳ್ಳಿ. ವರ್ಷಕ್ಕೆ 30 ಲಕ್ಷ ಆಯಿತು. ಇದು ಒಂದು ಕುರ್ಚಿಯ ಲೆಕ್ಕ. ಹೊರಗೆ ಹೊರಟರೆ ಜೊತೆಗೆ ಬರುವವರು, ವಾಹನ, ಚಾಲಕ, ಪೆಟ್ರೋಲು ಬೇರೆ.

ಈಗ ಒಬ್ಬ ನಿವೃತ್ತ ಅಧ್ಯಾಪಕರನ್ನು ನೆನೆಯಿರಿ. ಪಿಂಚಣಿಯ ಮೇಲೆ ಬದುಕುವವರು. ಪುಸ್ತಕದ ಗೌರವಧನ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ‘ನೀನೇ ಮಾತಾಡಿದ್ದು, ನೀನೇ ಕಾವಲು ಇಟ್ಟುಕೋ’ ಎಂದು ಅವರಿಗೆ ಹೇಳಲಾದೀತೇ? ಹೇಳಿದರೆ ಅದರ ಅರ್ಥ ಇಷ್ಟೇ. ವರ್ಷಕ್ಕೆ 30 ಲಕ್ಷ ಇದ್ದವರು ಬಾಯಿ ಬಿಡಬಹುದು, ಉಳಿದವರು ಸುಮ್ಮನಿರಬೇಕು.

ಇದು ಬರೀ ಊಹೆಯ ಮಾತಲ್ಲ. ಪ್ಯಾರಿಸ್ಸಿನ ಷಾರ್ಲಿ ಎಬ್ದೊ ವಾರಪತ್ರಿಕೆಯ ಹೆಸರು ಕೇಳಿದ್ದೀರಿ. 2015ರ ಜನವರಿ 7ರಂದು ಆ ಕಚೇರಿಗೆ ಬಂದೂಕು ಹಿಡಿದು ನುಗ್ಗಿದರು. ಆ ದಾಳಿಯಲ್ಲಿ 12 ಜನ ಸತ್ತರು. ಬದುಕುಳಿದವರು ಪತ್ರಿಕೆ ನಿಲ್ಲಿಸಲಿಲ್ಲ. ಮೂರು ವರ್ಷದ ಮೇಲೆ, 2018ರಲ್ಲಿ, ಸಂಪಾದಕ ರಿಸ್ ಒಂದು ಲೆಕ್ಕ ಬರೆದರು. ಕಚೇರಿಯ ಭದ್ರತೆಗೆ ವರ್ಷಕ್ಕೆ ಸುಮಾರು 10ರಿಂದ 15 ಲಕ್ಷ ಯೂರೋ ಖರ್ಚು. ಅಷ್ಟೂ ಪತ್ರಿಕೆಯದೇ. ಅಂಗಡಿಯಲ್ಲಿ ಎರಡು ಪ್ರತಿ ಮಾರಿದರೆ ಒಂದಕ್ಕಿಂತ ಹೆಚ್ಚು ಪ್ರತಿಯ ಹಣ ಕಾವಲಿಗೇ ಹೋಗುತ್ತಿತ್ತು. ಪತ್ರಿಕೆ ನಡೆಸಿದವರಿಗೆ ಈ ಲೆಕ್ಕದ ಬಿಸಿ ಗೊತ್ತು. ಕಾಗದ, ಮಸಿ, ಅಚ್ಚು, ಅಂಚೆ, ಏಜೆಂಟರ ಕಮಿಷನ್ನು. ಇಷ್ಟರಲ್ಲೇ ಪತ್ರಿಕೆ ಏದುಸಿರು ಬಿಡುತ್ತಿರುತ್ತದೆ. ಅದರ ಮೇಲೆ ಬಾಗಿಲ ಕಾವಲಿಗೆ ಅರ್ಧ ಮಾರಾಟ. ಗುಂಡು ಹೊಡೆದವರು ಮುಗಿಸಲಾಗದ್ದನ್ನು ಖರ್ಚಿನ ಚೀಟಿ ಮುಗಿಸಿಬಿಡಬಹುದು.

ಸರಿ, ಸ್ವಂತ ದುಡ್ಡಿನಿಂದ ಆಗುವ ಕೆಲಸ ಇದಲ್ಲ. ಹಾಗಾದರೆ ಅಭಿಮಾನಿಗಳು ಸೇರಿ ಚಂದಾ ಎತ್ತಿದರೆ?

ಅಯಾನ್ ಅವರಿಗೆ ಆದದ್ದು ಹಾಗೆಯೇ. ಡಚ್ ಸರ್ಕಾರ ಕೈಬಿಟ್ಟಾಗ ಲೇಖಕ ಸಲ್ಮಾನ್ ರಶ್ದಿಯಂಥವರು ಆಕೆಯ ಪರವಾಗಿ ಬರೆದರು. ಸ್ನೇಹಿತರು ನಿಧಿ ಕಟ್ಟಿದರು, ಕಾವಲು ಮುಂದುವರಿಯಿತು. ಅಷ್ಟರಮಟ್ಟಿಗೆ ದೊಡ್ಡ ಮನಸ್ಸು. ಆದರೆ ಚಂದಾ ಕೊಟ್ಟವರ ಸ್ವಭಾವ ನಮಗೆ ಗೊತ್ತಿಲ್ಲದ್ದಲ್ಲ. ಗಣೇಶೋತ್ಸವಕ್ಕೆ ನೂರೊಂದು ರೂಪಾಯಿ ಕೊಟ್ಟವರೂ ಮೈಕಿನಲ್ಲಿ ತಮ್ಮ ಹೆಸರು ಬರಲಿಲ್ಲವೆಂದು ಕೇಳುತ್ತಾರೆ. ಮಾತುಗಾರನಿಗೆ ಕೊಟ್ಟವರು ಮಾತನ್ನೇ ಕೇಳುತ್ತಾರೆ. ನಮಗೆ ಹಿಡಿಸಿದ್ದನ್ನೇ ಆಡುತ್ತಿರು ಎನ್ನುತ್ತಾರೆ. ಅಯಾನ್ ಬಹಳ ಕಾಲ ತಾವು ನಾಸ್ತಿಕರು ಎಂದವರು. 2023ರಲ್ಲಿ ತಾವೀಗ ಕ್ರೈಸ್ತರು ಎಂದು ಬರೆದರು. ನಾಸ್ತಿಕರ ಚಂದಾದಲ್ಲೇ ಕಾವಲಿದ್ದಿದ್ದರೆ ಆ ಲೇಖನ ಬರೆಯುವ ಮುಂಚೆ ಎರಡು ಸಲ ಯೋಚಿಸಬೇಕಾಗುತ್ತಿತ್ತೋ ಏನೋ. ಅಭಿಪ್ರಾಯ ಬದಲಾಯಿಸುವ ಹಕ್ಕೂ ಮಾತಿನ ಹಕ್ಕಿನಲ್ಲೇ ಸೇರಿದೆ ತಾನೇ?

ಸ್ವಂತದ್ದು ಸಾಲದು, ಚಂದಾ ನೆಚ್ಚಿಕೆಯದಲ್ಲ. ಉಳಿದದ್ದು ಸರ್ಕಾರ. ನನ್ನ ಅಭಿಪ್ರಾಯವೂ ಅದೇ, ಮುಚ್ಚುಮರೆ ಇಲ್ಲ. ಆದರೆ ಕಾನೂನು ಇದನ್ನು ಹೇಗೆ ನೋಡಿದೆ ಎಂಬುದು ಸ್ವಾರಸ್ಯದ ಕಥೆ.

ಬ್ರಿಟಿಷರು 1861ರಲ್ಲಿ ಒಂದು ಪೊಲೀಸ್ ಕಾಯ್ದೆ ಮಾಡಿದರು. ಅದರ 13ನೇ ಕಲಮಿನ ಪ್ರಕಾರ ಯಾರಾದರೂ ತಮಗೆ ಹೆಚ್ಚಿನ ಪೊಲೀಸರು ಬೇಕೆಂದು ಅರ್ಜಿ ಹಾಕಬಹುದು. ಖರ್ಚು ಅರ್ಜಿ ಹಾಕಿದವರದು. 15ನೇ ಕಲಮು ಇನ್ನೊಂದು ದಾರಿ ಹಿಡಿಯಿತು. ಒಂದು ಪ್ರದೇಶದಲ್ಲಿ ಗಲಭೆಯೆದ್ದರೆ ಅಲ್ಲಿಗೆ ಹೆಚ್ಚುವರಿ ಪೊಲೀಸರನ್ನು ಹಾಕುವುದು, ಅದರ ವೆಚ್ಚವನ್ನು ಅಲ್ಲಿನ ನಿವಾಸಿಗಳಿಂದಲೇ ವಸೂಲು ಮಾಡುವುದು. ನಮ್ಮ ಹಿರಿಯರು ಪುಂಡುಗಂದಾಯ ಎನ್ನುತ್ತಿದ್ದದ್ದು ಇಂಥ ವಸೂಲಿಯನ್ನೇ. ಸ್ವಾತಂತ್ರ್ಯ ಚಳವಳಿಯ ಕಾಲದಲ್ಲಿ ಇದನ್ನು ಎಷ್ಟು ಕೆಟ್ಟದಾಗಿ ಬಳಸಿದರು ಎಂಬುದನ್ನು ಬಲ್ಲವರು ಬಲ್ಲರು. ಪುಂಡಾಟ ಮಾಡಿದವನು ಒಬ್ಬ, ಕಂದಾಯ ಕಟ್ಟಿದವರು ಊರೆಲ್ಲ. ಅದರ ಹಿಂದಿನ ಯೋಚನೆಯಲ್ಲಿ ಒಂದು ಎಳೆ ಮಾತ್ರ ನನಗೆ ಸರಿ ಕಾಣುತ್ತದೆ. ಖರ್ಚಿಗೆ ಕಾರಣನಾದವನು ಗದ್ದಲ ಮಾಡುವವನು, ಮಾತಾಡಿದವನಲ್ಲ.

ಇದೇ ಎಳೆಯನ್ನು ನಮ್ಮ ಸುಪ್ರೀಂ ಕೋರ್ಟ್ ಬೇರೆ ರೀತಿಯಲ್ಲಿ ಹಿಡಿಯಿತು. 1989ನೇ ಇಸವಿ. ಫೆಬ್ರುವರಿ 14ರಂದು ಟೆಹ್ರಾನ್ ರೇಡಿಯೊದಲ್ಲಿ, ಒಂದು ಕಾದಂಬರಿ ಬರೆದದ್ದಕ್ಕಾಗಿ ರಶ್ದಿಯವರನ್ನು ಕೊಲ್ಲಬೇಕೆಂಬ, ಇರಾನಿನ ನಾಯಕ ಖೊಮೇನಿಯವರ ಫತ್ವಾ ಓದಿದರು. ನಾನೀಗ ಮಾತಾಡುತ್ತಿರುವುದೂ ರೇಡಿಯೊದಲ್ಲೇ, ಹೇಳುವಾಗ ನಾಲಗೆ ಸ್ವಲ್ಪ ತಡೆಯುತ್ತದೆ. ಇದಾದ ಆರು ವಾರಕ್ಕೆ, ಮಾರ್ಚ್ 30ರಂದು, ದೆಹಲಿಯಲ್ಲಿ ಒಂದು ತೀರ್ಪು ಬಂತು. ರಂಗರಾಜನ್ ಎಂಬ ನಿರ್ಮಾಪಕರ ತಮಿಳು ಚಿತ್ರದ ಮೊಕದ್ದಮೆ. ಮೀಸಲಾತಿಯನ್ನು ಟೀಕಿಸುವ ಕಥೆ ಅದು. ಚಿತ್ರ ತೋರಿಸಿದರೆ ಗಲಭೆಯಾದೀತು ಎಂಬುದು ತಮಿಳುನಾಡು ಸರ್ಕಾರದ ವಾದ. ತೀರ್ಪು ಬರೆದವರು ಕರ್ನಾಟಕದಿಂದ ಹೋದ ನ್ಯಾಯಮೂರ್ತಿ ಕೆ. ಜಗನ್ನಾಥ ಶೆಟ್ಟರು. ಗಲಭೆಯ ಬೆದರಿಕೆ ಇದೆ ಎಂದು ಮಾತನ್ನು ಅದುಮುವಂತಿಲ್ಲ, ಮಾತಿನ ಹಕ್ಕನ್ನು ಕಾಪಾಡುವುದು ಸರ್ಕಾರದ ಕರ್ತವ್ಯ, ವಿರೋಧಿಗಳನ್ನು ತಡೆಯಲು ನಮ್ಮಿಂದಾಗದು ಎಂದು ಸರ್ಕಾರ ಕೈಚೆಲ್ಲುವಂತಿಲ್ಲ. ತೀರ್ಪಿನ ತಿರುಳು ಇಷ್ಟು. ಆಗದು ಎನ್ನುವಂತಿಲ್ಲ ಎಂದ ಮೇಲೆ ಖರ್ಚು ಯಾರದು ಎಂಬುದಕ್ಕೂ ಅಲ್ಲೇ ಉತ್ತರ ಸಿಕ್ಕಿತು.

ಅಮೆರಿಕದಲ್ಲೂ ಇಂಥದೇ ಪ್ರಶ್ನೆ 1992ರಲ್ಲಿ ಸುಪ್ರೀಂ ಕೋರ್ಟಿಗೆ ಹೋಗಿತ್ತು. ಜಾರ್ಜಿಯಾ ರಾಜ್ಯದ ಫೋರ್ಸೈತ್ ಕೌಂಟಿಯವರು ಮೆರವಣಿಗೆಗೆ ಶುಲ್ಕ ಇಟ್ಟಿದ್ದರು. ಎಷ್ಟು ಪೊಲೀಸರು ಬೇಕಾದೀತು ಎಂದು ನೋಡಿ ಅಧಿಕಾರಿ ಶುಲ್ಕ ಗೊತ್ತು ಮಾಡಬಹುದಿತ್ತು. ಕೋರ್ಟು ಅದನ್ನು ಹೊಡೆದುಹಾಕಿತು. ಕೇಳುವವರ ಸಿಟ್ಟಿನ ಮೇಲೆ ಮಾತಿನ ಬೆಲೆ ಕಟ್ಟುವಂತಿಲ್ಲ ಎಂಬುದು ಅದರ ಕಾರಣ. ಹಾಗೆ ಬೆಲೆ ಕಟ್ಟಿದರೆ ಹೆಚ್ಚು ಸಿಟ್ಟಾದವನೇ ಗೆದ್ದಂತೆ.

ಇಲ್ಲಿಯವರೆಗೆ ಹೇಳಿದ್ದನ್ನು ಒಮ್ಮೆ ಕೂಡಿಸಿ ಹೇಳಿಬಿಡುತ್ತೇನೆ. ಬೆದರಿಕೆಗೆ ಒಳಗಾದವನ ಜೇಬು ಸಾಲದು. ದಾನಿಗಳ ಜೇಬಿಗೆ ದಾರ ಕಟ್ಟಿರುತ್ತದೆ. ಕಾನೂನು ಬೊಟ್ಟು ತೋರಿಸುವುದು ಸರ್ಕಾರದ ಕಡೆಗೆ. ಹಾಗಿದ್ದರೆ ಸರ್ಕಾರದ ಜೇಬಿಗೆ ದಾರವಿಲ್ಲವೇ? ಇದೆ, ಗಟ್ಟಿ ದಾರವೇ ಇದೆ.

ಇಟಲಿಯ ರೊಬರ್ಟೊ ಸವಿಯಾನೊ ನೇಪಲ್ಸಿನ ಮಾಫಿಯಾ ಬಗ್ಗೆ ಪುಸ್ತಕ ಬರೆದವರು. 2006ರಿಂದ ಪೊಲೀಸ್ ಕಾವಲಿನಲ್ಲಿದ್ದರು. 2018ರಲ್ಲಿ ಹೊಸ ಗೃಹಮಂತ್ರಿಯನ್ನು ಅವರು ಕಟುವಾಗಿ ಟೀಕಿಸಿದರು. ಮಂತ್ರಿ ಏನು ಮಾಡಿದರು? ಈ ಮನುಷ್ಯನಿಗೆ ಕಾವಲು ಬೇಕೋ ಬೇಡವೋ ಸಂಬಂಧಪಟ್ಟವರು ನೋಡುತ್ತಾರೆ ಎಂದು ಬಹಿರಂಗವಾಗಿ ಹೇಳಿದರು. ಬೆದರಿಕೆ ಮಾಫಿಯಾದ್ದು, ಟೀಕೆ ಮಂತ್ರಿಯ ಮೇಲಿನದು. ಇವೆರಡಕ್ಕೂ ಸಂಬಂಧವೇ ಇಲ್ಲ. ಆದರೆ ಕಾವಲಿನ ಕಡತ ಮಂತ್ರಿಯ ಇಲಾಖೆಯಲ್ಲಿತ್ತು.

ಇದಕ್ಕೆ ಎದುರಾದ ಉದಾಹರಣೆಯೂ ಇದೆ, ಅದೇ ನೆದರ್ಲೆಂಡ್ಸ್‌ನಲ್ಲಿ. 2002ರಲ್ಲಿ ಪಿಮ್ ಫೋರ್ಟೇನ್ ಎಂಬ ರಾಜಕಾರಣಿಯನ್ನು ಕೊಂದರು. ರೇಡಿಯೊ ಸಂದರ್ಶನ ಮುಗಿಸಿ ಹೊರಗೆ ಬರುತ್ತಿದ್ದಾಗ. ಸರ್ಕಾರ ಎಲ್ಲಿ ತಪ್ಪಿತು ಎಂದು ಸಮಿತಿ ಕೂತು ವಿಚಾರಿಸಿತು. ಆಮೇಲೆ ಕಾವಲಿನ ವ್ಯವಸ್ಥೆಯನ್ನೇ ಹೊಸದಾಗಿ ಕಟ್ಟಿದರು. ಅದರ ಫಲ ನೋಡಿ. ಗೀರ್ಟ್ ವಿಲ್ಡರ್ಸ್ ಎಂಬ ನಾಯಕ ಮುಸ್ಲಿಮರ ವಿರುದ್ಧ ಉರಿಮಾತು ಆಡುವವರು. ನನಗೆ ಆ ಮಾತಿನಲ್ಲಿ ಒಂದೂ ಹಿಡಿಸುವುದಿಲ್ಲ. 2004ರಿಂದ ಅವರು ಹಗಲಿರುಳು ಕಾವಲಿನಲ್ಲಿದ್ದಾರೆ. ಒಂದು ಜನಾಂಗವನ್ನು ಅವಮಾನಿಸಿದರೆಂದು ಸರ್ಕಾರಿ ವಕೀಲರೇ ಅವರ ಮೇಲೆ ಮೊಕದ್ದಮೆ ಹೂಡಿದರು. 2016ರಲ್ಲಿ ತಪ್ಪಿತಸ್ಥ ಎಂದು ತೀರ್ಪೂ ಆಯಿತು. ಆದರೆ ಕಾವಲು ತೆಗೆಯಲಿಲ್ಲ. ಸರ್ಕಾರ ಒಂದು ಕೈಯಲ್ಲಿ ಕಟಕಟೆಗೆ ಹತ್ತಿಸಿತು, ಇನ್ನೊಂದು ಕೈಯಲ್ಲಿ ಬೆನ್ನು ಕಾಯಿತು. ಇದು ಸರಿಯಾದ ರೀತಿ ಎಂದು ನನಗನ್ನಿಸುತ್ತದೆ. ಮಾತು ತಪ್ಪಾಗಿದ್ದರೆ ಕೋರ್ಟು ಇದೆ. ಜೀವಕ್ಕೆ ಅಪಾಯವಿದ್ದರೆ ಪೊಲೀಸರಿದ್ದಾರೆ. ಒಂದರ ಸಿಟ್ಟನ್ನು ಇನ್ನೊಂದರ ಮೇಲೆ ತೀರಿಸಬಾರದು.

ಹೀಗೆ ಖರ್ಚು ಸರ್ಕಾರದ್ದು, ತೀರ್ಮಾನ ಮಾತ್ರ ಮಂತ್ರಿಯ ಮರ್ಜಿಯದಾಗಬಾರದು. ಇಷ್ಟು ಒಪ್ಪಿದರೆ ಅಯಾನ್ ಅವರ ವಿಷಯಕ್ಕೆ ಮರಳಬಹುದು. ಯಾವ ದೇಶದ ಸರ್ಕಾರ?

ಡಚ್ ಸರ್ಕಾರದ ವಾದ ತೆಗೆದುಹಾಕುವಂಥದ್ದಲ್ಲ. ಆಕೆ ಈಗ ಸಂಸತ್ ಸದಸ್ಯೆಯಲ್ಲ. ನಮ್ಮ ನೆಲದಲ್ಲಿಲ್ಲ. ನಮ್ಮ ನೆಲಕ್ಕೆ ಬಂದರೆ ಕಾಯುತ್ತೇವೆ. ಇನ್ನೊಂದು ದೇಶದಲ್ಲಿ ನಮ್ಮ ಜನರ ತೆರಿಗೆಯಿಂದ ಎಷ್ಟು ವರ್ಷ ಕಾಯುವುದು? ಕೇಳಲು ನ್ಯಾಯವಾಗಿಯೇ ಇದೆ. ಆದರೆ ಒಂದು ಮಾತನ್ನು ಬಿಟ್ಟುಬಿಟ್ಟಿತು. ಬೆದರಿಕೆ ಹುಟ್ಟಿದ್ದು ಡಚ್ ನೆಲದಲ್ಲಿ. ಬೆಳೆದದ್ದು ಆಕೆ ಡಚ್ ಸಂಸತ್ತಿನಲ್ಲಿದ್ದಾಗ. ಆಕೆಯನ್ನು ಆ ಸಂಸತ್ತಿಗೆ ಕಳಿಸಿದ್ದು ಡಚ್ ಮತದಾರರು. ಮನೆ ಬಿಡಿಸಿದ್ದು ಡಚ್ ಕೋರ್ಟು. ಹೊರಟುಹೋಗಲು ಇಷ್ಟೆಲ್ಲ ಕಾರಣ ಕೊಟ್ಟು, ಹೋದವರನ್ನು ಯಾಕೆ ಹೋದಿರಿ ಎಂದು ಕೇಳುವುದು ಚೆನ್ನಾಗಿರುವುದಿಲ್ಲ. ನನ್ನನ್ನು ಕೇಳಿದರೆ, ಹೊಸ ದೇಶವೋ ಇನ್ನಾರೋ ಹೊಣೆ ಹೊರುವವರೆಗೆ ಹಳೆಯ ದೇಶ ಕೈಬಿಡಬಾರದಿತ್ತು. 2008ರಲ್ಲಿ ಯುರೋಪಿನ ಒಕ್ಕೂಟವೇ ಇಂಥವರಿಗಾಗಿ ನಿಧಿ ಇಡಲಿ ಎಂದು ಆಕೆ ಕೇಳಿದರು. ಚಪ್ಪಾಳೆ ಬಂತು, ನಿಧಿ ಬರಲಿಲ್ಲ.

ಗಡಿಯ ವಿಷಯ ಅಲ್ಲಿಗೆ ಬಿಡೋಣ. ಸರ್ಕಾರವೇ ಕೊಟ್ಟರೂ ಪೂರ್ತಿ ಖರ್ಚು ಅದರ ಲೆಕ್ಕಪತ್ರದಲ್ಲಿ ಬರುವುದಿಲ್ಲ. ಕಾಣದ ಖರ್ಚು ಬಹಳ ಇದೆ, ಅದರ ಬಗ್ಗೆ ಸ್ವಲ್ಪ ಹೇಳಬೇಕು.

ರಶ್ದಿಯವರನ್ನು ಬ್ರಿಟಿಷ್ ಪೊಲೀಸರು ವರ್ಷಾನುಗಟ್ಟಲೆ ಕಾದರು. ಇವರಿಗಾಗಿ ನಮ್ಮ ತೆರಿಗೆ ಸುರಿಯುತ್ತಿದೆ ಎಂದು ಅಲ್ಲಿನ ಪತ್ರಿಕೆಗಳು ಆಗಾಗ ಗೊಣಗಿದವು. ಮನೆಯನ್ನೂ ಸರ್ಕಾರವೇ ಕೊಟ್ಟಿದೆ ಎಂದು ಎಷ್ಟೋ ಜನ ತಿಳಿದಿದ್ದರು. ನಿಜ ಏನೆಂದರೆ ಪೊಲೀಸರ ಕಾವಲು ಮಾತ್ರ ಸರ್ಕಾರದ್ದು. ಅಡಗಿಕೊಳ್ಳುವ ಮನೆ ಹುಡುಕುವುದು, ಬಾಡಿಗೆ ಕೊಡುವುದು ರಶ್ದಿಯವರ ಪಾಲಿಗೆ. ಸುಮ್ಮನೆ ಮನೆಯಾದರೆ ಸಾಲದು, ಕಾವಲಿನವರು ಮಲಗಲು ಕೋಣೆಗಳೂ ಇರಬೇಕು. ಬಾಡಿಗೆ ಕರಾರಿಗೆ ತಮ್ಮ ಹೆಸರು ಹಾಕುವಂತಿಲ್ಲ. ಜೋಸೆಫ್ ಆಂಟನ್ ಎಂಬ ಸುಳ್ಳು ಹೆಸರು ಇಟ್ಟುಕೊಂಡರು. ಅವರು ಮೆಚ್ಚಿದ ಇಬ್ಬರು ಲೇಖಕರ, ಕಾನ್ರಾಡ್ ಮತ್ತು ಚೆಕಾಫ್ ಅವರ, ಮೊದಲ ಹೆಸರುಗಳನ್ನು ಜೋಡಿಸಿದ್ದು. ಯಾರಾದರೂ ಮನೆ ನೋಡಲು ಬಂದರೆ ಲೇಖಕ ಮಹಾಶಯರು ಸ್ನಾನದ ಮನೆಯಲ್ಲಿ ಅವಿತುಕೊಳ್ಳಬೇಕು. ಬ್ರಿಟಿಷ್ ಏರ್‌ವೇಸ್ ವಿಮಾನದಲ್ಲಿ 1998ರವರೆಗೆ ಅವರಿಗೆ ಪ್ರವೇಶವೇ ಇರಲಿಲ್ಲ.

ಅವರಿಗಾದರೂ ಕಾವಲಿತ್ತು. ಅವರ ಆ ಕಾದಂಬರಿಯನ್ನು ಅನುವಾದಿಸಿದವರಿಗೆ? ಜಪಾನಿನ ಅನುವಾದಕ ಹಿತೋಶಿ ಇಗರಾಶಿಯವರನ್ನು 1991ರ ಜುಲೈನಲ್ಲಿ ಅವರು ಪಾಠ ಹೇಳುತ್ತಿದ್ದ ವಿಶ್ವವಿದ್ಯಾಲಯದಲ್ಲೇ ಇರಿದು ಕೊಂದರು. ಅದೇ ತಿಂಗಳು ಇಟಲಿಯ ಅನುವಾದಕರಿಗೆ ಇರಿದರು, ಅವರು ಬದುಕಿದರು. 1993ರಲ್ಲಿ ನಾರ್ವೆಯ ಪ್ರಕಾಶಕ ವಿಲಿಯಂ ನೀಗಾರ್ಡ್ ಅವರಿಗೆ ಮೂರು ಗುಂಡು ಬಿದ್ದವು. ಅವರೂ ಬದುಕಿದರು. ಕಾವಲಿನ ಪಟ್ಟಿಯಲ್ಲಿ ದೊಡ್ಡ ಹೆಸರೇ ಮೊದಲು ಬರುತ್ತದೆ. ಪುಸ್ತಕವನ್ನು ಅಚ್ಚಿಗೆ ಒಯ್ಯುವವರು, ಇನ್ನೊಂದು ಭಾಷೆಗೆ ತರುವವರು, ಅಂಗಡಿಯಲ್ಲಿಟ್ಟು ಮಾರುವವರು ಪಟ್ಟಿಯ ಹೊರಗೆ.

ಕಾಯುವವರ ಖರ್ಚೂ ಇದೆ. 2015ರ ದಾಳಿಯ ವೇಳೆ ಷಾರ್ಲಿ ಎಬ್ದೊ ಸಂಪಾದಕರಾಗಿದ್ದ ಷಾರ್ಬ್ ಅವರಿಗೆ ಸರ್ಕಾರ ಕೊಟ್ಟಿದ್ದ ಅಂಗರಕ್ಷಕ ಫ್ರಾಂಕ್ ಬ್ರಿನ್ಸೊಲಾರೊ. ದಾಳಿಯ ದಿನ ಪತ್ರಿಕೆಯ ಕಚೇರಿಯಲ್ಲೇ ಸತ್ತರು. ದಾಳಿಗೆ ನೆಪವಾದ ವ್ಯಂಗ್ಯಚಿತ್ರಗಳನ್ನು ಅವರು ಬರೆದವರಲ್ಲ. ಇಷ್ಟವಿತ್ತೋ ಇಲ್ಲವೋ, ಅದನ್ನು ಯಾರೂ ಅವರನ್ನು ಕೇಳುವಂತೆಯೂ ಇರಲಿಲ್ಲ.

ಈಗ ನಮ್ಮ ಕಡೆಗೆ ಬರೋಣ. ಹೊರಗಿನ ಕಥೆ ಕೇಳಿದಿರಿ. ಕಾಣುವ ಖರ್ಚು, ಕಾಣದ ಖರ್ಚು ಎರಡೂ ಕೇಳಿದಿರಿ. ನಮ್ಮಲ್ಲಿ ಈ ವಿಷಯ ಎತ್ತಿದರೆ ಜನ ಮೊದಲು ನಗುತ್ತಾರೆ. ಯಾಕೆಂದರೆ ನಮ್ಮಲ್ಲಿ ಗನ್‌ಮ್ಯಾನ್ ಎಂದರೆ ದೌಲತ್ತು. ಮದುವೆ ಮನೆಗೆ ಬರುವಾಗ ಹಿಂದೆ ಒಬ್ಬ ಪಿಸ್ತೂಲಿನವನಿದ್ದರೆ ಗತ್ತೇ ಬೇರೆ. ಎಕ್ಸ್, ವೈ, ವೈ ಪ್ಲಸ್, ಝಡ್, ಝಡ್ ಪ್ಲಸ್ ಎಂದು ದರ್ಜೆಗಳಿವೆ. ರೈಲಿನ ದರ್ಜೆಯ ಹಾಗೆ, ಮೇಲಿನದು ಸಿಕ್ಕರೆ ಸಂಭ್ರಮ, ಕೆಳಕ್ಕಿಳಿಸಿದರೆ ಪತ್ರಿಕಾಗೋಷ್ಠಿ.

ಹಣವಂತರ ವಿಷಯದಲ್ಲಿ ನಮ್ಮವರು ಒಂದು ದಾರಿ ಮಾಡಿದ್ದಾರೆ. ಉದ್ಯಮಿ ಮುಕೇಶ್ ಅಂಬಾನಿಯವರಿಗೆ 2013ರಲ್ಲಿ ಸಿಆರ್‌ಪಿಎಫ್ ಕಾವಲು ಕೊಟ್ಟರು, ಖರ್ಚು ಅವರದೇ ಎಂದು ಷರತ್ತು ಹಾಕಿ. ಆಗ ಸುಪ್ರೀಂ ಕೋರ್ಟು ಸುಮ್ಮನಿರಲಿಲ್ಲ. ರಾಜಧಾನಿಯಲ್ಲಿ ಐದು ವರ್ಷದ ಮಗುವಿಗೇ ರಕ್ಷಣೆ ಇಲ್ಲದಿರುವಾಗ ಇದೇನು ಎಂದು ಕೇಳಿತು. 2023ರಲ್ಲಿ ಅದೇ ಕೋರ್ಟು ಆ ಕುಟುಂಬಕ್ಕೆ ದೇಶದ ಒಳಗೂ ಹೊರಗೂ ಅತಿ ದೊಡ್ಡ ದರ್ಜೆಯ ಕಾವಲು ಕೊಡಿ, ವೆಚ್ಚ ಅವರೇ ಭರಿಸಲಿ ಎಂದಿತು. ಸರಿಯೇ. ಆಸ್ತಿಯಿಂದ ಬಂದ ಅಪಾಯಕ್ಕೆ ಆಸ್ತಿಯಿಂದಲೇ ಖರ್ಚು. ಆದರೆ ಈ ನಿಯಮವನ್ನು ಮಾತಿನಿಂದ ಬಂದ ಅಪಾಯಕ್ಕೆ ಹಚ್ಚಲಾಗದು. ಮಾತಾಡಿದವನಿಗೆ ಮಾತಿನಿಂದ ಆಸ್ತಿಯೇನೂ ಬಂದಿರುವುದಿಲ್ಲ.

ಕೆಲವು ವರ್ಷದ ಹಿಂದೆ ಒಂದು ಸಾಹಿತ್ಯ ಸಮಾರಂಭಕ್ಕೆ ಹೋಗಿದ್ದೆ. ಅತಿಥಿಯೊಬ್ಬರ ಜೊತೆ ಗನ್‌ಮ್ಯಾನ್ ಬಂದಿದ್ದರು. ಐವತ್ತರ ಹತ್ತಿರದ ವಯಸ್ಸು, ಸಫಾರಿ ಸೂಟು. ಊಟದ ಹೊತ್ತಾಯಿತು. ಬಾಗಿಲಲ್ಲಿ ಕೂಪನ್ ಕೇಳುತ್ತಿದ್ದ ಹುಡುಗ ಇವರನ್ನು ತಡೆದ. ‘ಬಂದೋಬಸ್ತ್‌ನವರದ್ದು ಸ್ಟೇಷನ್ ಕಡೆಯಿಂದ ಬರ್ತದೆ ಸಾರ್’ ಎಂದ. ‘ನಾನು ಸ್ಟೇಷನ್ನಿನವನಲ್ಲಪ್ಪ, ಡಿಎಆರ್’ ಎಂದರು ಅವರು. ಡಿಎಆರ್ ಎಂದರೆ ಜಿಲ್ಲಾ ಸಶಸ್ತ್ರ ಮೀಸಲು ಪಡೆ ಎಂದು ಹುಡುಗನಿಗೆ ತಿಳಿದಿರಲಿಲ್ಲ. ಅತಿಥಿ ಸಾಹೇಬರು ತಮ್ಮ ಕೂಪನ್ನೇ ಗನ್‌ಮ್ಯಾನ್ ಕೈಗೆ ಕೊಟ್ಟರು. ಆಗ ಹುಡುಗ ಸಾಹೇಬರ ಕೂಪನ್ ಕೇಳಿದ. ಸ್ವಾಗತ ಸಮಿತಿಯ ಹಿರಿಯರೊಬ್ಬರು ಓಡಿಬಂದು ‘ಇಬ್ರೂ ನಮ್ಮ ಲೆಕ್ಕಕ್ಕೆ ಬರ್ಕೊಳೋ’ ಎಂದರು. ಒಳಗೆ ಹೋದ ಮೇಲೂ ಗನ್‌ಮ್ಯಾನ್ ಕೂರಲಿಲ್ಲ. ಸಾಹೇಬರ ಎಲೆ ಎತ್ತುವವರೆಗೆ ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದರು. ಆಮೇಲೆ ಕೊನೆಯ ಪಂಕ್ತಿಯಲ್ಲಿ ಕೂತರು. ಅಷ್ಟು ಹೊತ್ತಿಗೆ ಒಬ್ಬಟ್ಟು ಮುಗಿದಿತ್ತು.

ದೌಲತ್ತಿನ ಕಾವಲು ಬೇರೆ, ನಿಜವಾಗಿ ಬೇಕಾದ ಕಾವಲು ಬೇರೆ. ನಿಜವಾಗಿ ಬೇಕಾದವರಿಗೆ ಅದು ಹಿಂಸೆ. ಈ ಮಾತು ಹೇಳುವಾಗ ಧಾರವಾಡವನ್ನು ನೆನೆಯದೆ ಇರಲಾಗದು.

ಎಂ.ಎಂ. ಕಲಬುರ್ಗಿಯವರು ಶಾಸನ, ವಚನ, ಸ್ಥಳನಾಮ ಎಂದು ಜೀವಮಾನವೆಲ್ಲ ಸಂಶೋಧನೆ ಮಾಡಿದವರು. ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದವರು. ತಮ್ಮ ‘ಮಾರ್ಗ’ ಸಂಪುಟದ ಬರಹಕ್ಕಾಗಿ 1980ರ ದಶಕದ ಕೊನೆಯಲ್ಲೇ ಒತ್ತಡಕ್ಕೆ ಸಿಕ್ಕಿ ಮಾತು ಹಿಂತೆಗೆದುಕೊಳ್ಳಬೇಕಾಯಿತು. 2014ರಲ್ಲಿ ಮೂರ್ತಿಪೂಜೆಯ ಬಗ್ಗೆ ಆಡಿದ ಮಾತಿಗೆ ಗದ್ದಲವೆದ್ದಿತು. ಸರ್ಕಾರ ಪೊಲೀಸ್ ಕಾವಲು ಕೊಟ್ಟಿತು. ಆಮೇಲೆ ಅವರೇ ಕಾವಲು ಬೇಡವೆಂದರು, ತೆಗೆದರು. 2015ರ ಆಗಸ್ಟ್ 30, ಭಾನುವಾರ ಬೆಳಿಗ್ಗೆ. ಕಲ್ಯಾಣನಗರದ ಅವರ ಮನೆ ಬಾಗಿಲಿಗೇ ಬಂದು ಗುಂಡು ಹೊಡೆದರು.

ಯಾಕೆ ಬೇಡವೆಂದರು ಎಂದು ಕೇಳುವವರಿದ್ದಾರೆ. ಧಾರವಾಡದ ಮೇಷ್ಟರುಗಳ ಮನೆ ಬಲ್ಲವರು ಹಾಗೆ ಕೇಳುವುದಿಲ್ಲ. ಆ ಬಾಗಿಲು ಮುಚ್ಚುವ ಬಾಗಿಲಲ್ಲ. ವಿದ್ಯಾರ್ಥಿ ಬರುತ್ತಾನೆ, ಒಂದು ಶಬ್ದ ಕೇಳುತ್ತಾನೆ, ಚಹಾ ಕುಡಿದು ಹೋಗುತ್ತಾನೆ. ಪ್ರತಿಯೊಬ್ಬನ ಹೆಸರು, ಊರು, ಬಂದ ಕಾರಣ ಪೊಲೀಸರು ಪುಸ್ತಕದಲ್ಲಿ ಬರೆದುಕೊಳ್ಳತೊಡಗಿದರೆ ಮೇಷ್ಟರ ಮನೆ ಮೇಷ್ಟರ ಮನೆಯಾಗಿ ಉಳಿಯುವುದಿಲ್ಲ. ಕಾವಲು ಬೇಡ ಎಂದಾಗ ಅಪಾಯ ಇಲ್ಲ ಎಂದಂತೆ ಆಗಲಿಲ್ಲ. ಆದರೆ ನಮ್ಮ ಕಡತಗಳಲ್ಲಿ ಎರಡೂ ಒಂದೇ ಆಗಿಬಿಡುತ್ತವೆ. ಬೇಡ ಎಂಬ ಪತ್ರ ಬಂತು, ಕಡತ ಮುಚ್ಚಿತು.

ಹಾಗಾದರೆ ಬೇಡ ಎಂದವರನ್ನು ಕಾಯುವುದು ಹೇಗೆ? ಇದು ನನ್ನ ಕೊನೆಯ ಮಾತು. ಸರ್ಕಾರವೇ ಖರ್ಚು ಕೊಡಬೇಕೆಂದೆ. ಆ ಖರ್ಚು ಹೋಗಬೇಕಾದ ಇನ್ನೊಂದು ಕಡೆಯೂ ಇದೆ. ಕಾವಲನ್ನು ಬೆದರಿಕೆಗೆ ಒಳಗಾದವರ ಬಾಗಿಲಿಗೆ ಮಾತ್ರ ಹಾಕುವುದಲ್ಲ, ಬೆದರಿಸುವವರ ಬೆನ್ನಿಗೂ ಹಾಕುವುದು. ಗುಂಡಿಗೆ ಬಲಿಯಾದವರ ಸಾಲು ನೋಡಿ. 2013ರಲ್ಲಿ ಪುಣೆಯಲ್ಲಿ ವಿಚಾರವಾದಿ ದಾಭೋಲ್ಕರ್. 2015ರ ಫೆಬ್ರುವರಿಯಲ್ಲಿ ಕೊಲ್ಹಾಪುರದಲ್ಲಿ ಕಮ್ಯುನಿಸ್ಟ್ ನಾಯಕ ಪನ್ಸಾರೆ. ಅದೇ ವರ್ಷ ಕಲಬುರ್ಗಿ. 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನಲ್ಲಿ ಪತ್ರಕರ್ತೆ ಗೌರಿ ಲಂಕೇಶ್. ಅವರು ಆಫೀಸಿನಿಂದ ಮನೆಗೆ ಬಂದು ಗೇಟು ತೆರೆಯುವ ಹೊತ್ತಿನಲ್ಲಿ. ಗೌರಿಯವರ ಕೊಲೆಯಾದ ಮೇಲೆ ವಿಶೇಷ ತನಿಖಾ ತಂಡ ಕೂತಿತು. ಕಲಬುರ್ಗಿ ಮತ್ತು ಗೌರಿ ಇಬ್ಬರ ಮೇಲೂ ಗುಂಡು ಹಾರಿದ್ದು ಒಂದೇ ಪಿಸ್ತೂಲಿನಿಂದ ಎಂದು ವಿಧಿವಿಜ್ಞಾನ ಪರೀಕ್ಷೆಯಲ್ಲಿ ಕಂಡುಬಂತು. ಆ ಪಿಸ್ತೂಲಿನವರನ್ನು 2015ರಲ್ಲೇ ಹುಡುಕಿದ್ದರೆ ಎಂಬ ಲೆಕ್ಕವನ್ನು ಯಾವ ಇಲಾಖೆಯ ಬಜೆಟ್ಟಿನಲ್ಲೂ ತೋರಿಸಿಲ್ಲ.

2018ರಲ್ಲಿ ತನಿಖೆ ಮುಂದುವರಿದಾಗ ಇನ್ನೊಂದು ವಿಷಯ ಹೊರಬಂತು. ಮೈಸೂರಿನ ಲೇಖಕ ಕೆ.ಎಸ್. ಭಗವಾನ್ ಅವರನ್ನು ಕೊಲ್ಲುವ ಸಂಚೂ ನಡೆದಿತ್ತು ಎಂದು ಪೊಲೀಸರು ಹೇಳಿದರು, ಆರೋಪಿಗಳನ್ನು ಹಿಡಿದರು. ಭಗವಾನ್ ಅವರ ಮನೆ ಮುಂದೆ ಆಗಲೇ ಕಾವಲಿತ್ತು. ಇದ್ದದ್ದು ಒಳ್ಳೆಯದೇ ಆಯಿತು. ಆದರೆ ಸಂಚನ್ನು ಮುರಿದದ್ದು ಬಾಗಿಲ ಮುಂದಿನ ಕುರ್ಚಿಯಲ್ಲ. ಎಲ್ಲೋ ದೂರದ ಊರಿನಲ್ಲಿ ಫೋನು ಕೇಳಿಸಿಕೊಂಡು, ಬಾಡಿಗೆ ಮನೆಗಳನ್ನು ಹುಡುಕಿಕೊಂಡು, ತಿಂಗಳುಗಟ್ಟಲೆ ಅಲೆದ ತನಿಖೆಯವರು.